ಒಂದೇ ಕೇರಿಯ ಏಳು ಹೆಂಗಸರಿಗೆ ಒಂದೇ ತೊಂದರೆ: ಇದು ಹೊಸ ಕಾಯಿಲೆ ಇರಬಹುದಾ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಅಳಿವೆಯ ಹತ್ತಿರದ ಊರು. ಅಮ್ಮ ಮೊದಲಿನಿಂದಲೂ ಬಳಚು (ಚಿಪ್ಪುಮೀನು) ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ಒಂದೂವರೆ ವರ್ಷದಿಂದ ಅವರಿಗೆ ಬೆರಳು ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ, ರಾತ್ರಿ ಇನ್ನೂ ಜಾಸ್ತಿ. ಹಗಲು ವಿಪರೀತ ಸುಸ್ತು. ಕೇರಿಯಲ್ಲಿ ಬಳಚು ತೆಗೆಯುವ ಇನ್ನೂ ಆರು ಹೆಂಗಸರಿಗೆ ಹೀಗೇ ಇದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್ ಬಂದಿದೆ. ಒಬ್ಬ ಡಾಕ್ಟರು "ಟೆನ್ಶನ್ ಮಾಡ್ಕೋಬೇಡಿ" ಅಂತ ಹೇಳಿ ವಿಟಮಿನ್ ಗುಳಿಗೆ ಕೊಟ್ಟು ಕಳಿಸಿದರು. ಇದು ಇನ್ನೂ ಯಾರಿಗೂ ಗೊತ್ತಿಲ್ಲದ ಸಿಂಡ್ರೋಮ್ ಇರಬಹುದಾ? ಹೊಸ ಕಾಯಿಲೆ ಅಂತ ಯಾರು, ಹೇಗೆ ತೀರ್ಮಾನ ಮಾಡುತ್ತಾರೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಷ್ಟನ್ನೇ ಓದಿದರೆ ಇದು ಹೊಸ ಕಾಯಿಲೆ ಅಂತ ನನಗೆ ಅನ್ನಿಸುವುದಿಲ್ಲ. ಏಳು ಜನರಲ್ಲಿ ಗೊತ್ತಿರುವ ಎರಡು ಮೂರು ಕಾಯಿಲೆಗಳು ಸೇರಿಕೊಂಡು ಹೊರಗಿನಿಂದ ಒಂದೇ ಥರ ಕಾಣುತ್ತಿರುವ ಸಾಧ್ಯತೆಯೇ ಹೆಚ್ಚು. ಆದರೆ ನಿಮ್ಮ ಪ್ರಶ್ನೆ ಸುಮ್ನೆ ಬಿಡುವಂಥದ್ದಲ್ಲ. ಒಂದೇ ಕೇರಿ, ಒಂದೇ ಕೆಲಸ, ಒಂದೇ ದೂರು. ಹೊಸ ಕಾಯಿಲೆಗಳು ಬೆಳಕಿಗೆ ಬಂದಿದ್ದು ಬಹುಪಾಲು ಹೀಗೇ, ಯಾರೋ ಒಬ್ಬರು "ಇದು ಒಬ್ಬರ ಕತೆ ಅಲ್ಲ ಅಲ್ವಾ" ಅಂತ ಕೇಳಿದ್ದರಿಂದ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಸಿಂಡ್ರೋಮ್ ಅಂದರೆ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವ ಲಕ್ಷಣಗಳ ಗುಂಪು. ಅದಕ್ಕೆ ಕಾರಣ ಗೊತ್ತಿರಬೇಕು ಅಂತಿಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದುಕೊಳ್ಳುತ್ತಾರೆ, ಕೆಲವು ಡಾಕ್ಟರುಗಳೂ ಸೇರಿ. ರಿಪೋರ್ಟ್ ನಾರ್ಮಲ್ ಬಂತು ಅಂದರೆ ಆ ಪರೀಕ್ಷೆ ಯಾವುದನ್ನು ಹುಡುಕುತ್ತದೋ ಅದು ಸಿಗಲಿಲ್ಲ ಅಂತ ಮಾತ್ರ ಅರ್ಥ. ಕಾಯಿಲೆ ಇಲ್ಲ ಅಂತ ಅಲ್ಲ. ಡೌನ್ ಸಿಂಡ್ರೋಮ್ ಬಗ್ಗೆ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲೆಂಡಿನ ಡಾಕ್ಟರು ಬರೆದಿದ್ದು 1866ರಲ್ಲಿ. ಅದಕ್ಕೆ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುವುದೇ ಕಾರಣ ಅಂತ ಪ್ಯಾರಿಸ್ಸಿನಲ್ಲಿ ಗೊತ್ತಾಗಿದ್ದು 1959ರಲ್ಲಿ. ನಡುವಿನ ತೊಂಬತ್ತು ಚಿಲ್ಲರೆ ವರ್ಷ ಆ ಮಕ್ಕಳು ಇದ್ದರು, ಅವರ ಕಾಯಿಲೆ ನಿಜವಾಗಿತ್ತು, ಅದನ್ನು ತೋರಿಸುವ ಪರೀಕ್ಷೆ ಮಾತ್ರ ಇರಲಿಲ್ಲ.

ನಮ್ಮ ಸುತ್ತಲೇ ಎರಡು ದೊಡ್ಡ ಉದಾಹರಣೆಗಳಿವೆ. ಒಂದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಅದೇ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಜನರಿಗೆ ಜೋರು ಜ್ವರ, ತಲೆಸಿಡಿತ, ಮೈಕೈ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಜ್ವರ ಮಾತ್ರ ನೋಡಿದವರು ಟೈಫಾಯ್ಡ್ ಅಂದುಕೊಂಡರು. ಮಂಗ ಸಾಯುವುದನ್ನೂ ಮನುಷ್ಯರ ಜ್ವರವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಹಳದಿ ಜ್ವರ ಭಾರತಕ್ಕೆ ಬಂತಾ ಅಂತ ಗಾಬರಿಯಾಯಿತು, ಯಾಕೆಂದರೆ ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬಂದಾಗಲೂ ಮಂಗಗಳು ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿದರು. ಉಣುಗಿನಿಂದ ಹರಡುವ, ಜಗತ್ತಿಗೆ ಹೊಸದಾದ ವೈರಸ್ ಅದು. ಇವತ್ತಿಗೂ ಸಿದ್ದಾಪುರದ ಕಡೆ ಚಳಿಗಾಲ ಮುಗಿಯುವ ಹೊತ್ತಿಗೆ ತರಗೆಲೆ ತರಲಿಕ್ಕೆ ಕಾಡಿಗೆ ಹೋಗುವವರಿಗೆ ಅದರ ಭಯ ಇದ್ದೇ ಇದೆ. 2024ರಲ್ಲೂ ಅಲ್ಲಿ ಪ್ರಕರಣಗಳು ಕಂಡವು.

ಇಲ್ಲಿ ಗಮನಿಸಬೇಕಾದ್ದು ಒಂದು. ಜ್ವರ ಬಂದವರನ್ನು ಒಬ್ಬೊಬ್ಬರಾಗಿ ಆಸ್ಪತ್ರೆಯ ಹಾಸಿಗೆಯಲ್ಲಿ ನೋಡಿದ್ದರೆ ಟೈಫಾಯ್ಡ್ ಅಂತಲೇ ದಾಖಲಾಗುತ್ತಿತ್ತು. ಊರು, ತಿಂಗಳು, ಕಾಡಿಗೆ ಹೋದ ವಿಷಯ, ಸತ್ತ ಮಂಗ, ಇವು ನಾಲ್ಕೂ ಒಂದೇ ಹಾಳೆಯ ಮೇಲೆ ಬಂದಾಗ ಅದು ಬೇರೆಯೇ ಕಾಯಿಲೆ ಅಂತ ಕಂಡಿತು.

ಎರಡನೆಯದು ಹಂದಿಗೋಡು ಕಾಯಿಲೆ. ಇದರ ಬಗ್ಗೆ ಕರಾವಳಿಯವರಿಗೆ ಗೊತ್ತಿರುವುದು ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಗರ ತಾಲೂಕಿನ ಹಂದಿಗೋಡು ಎಂಬ ಊರಿನಲ್ಲಿ 1975ರ ಆಸುಪಾಸಿನಲ್ಲಿ ಬೆಳಕಿಗೆ ಬಂದಿದ್ದು. ಸೊಂಟದ ಕೀಲು, ಮೊಣಕಾಲು ವಿಪರೀತ ನೋವು. ನಡೆಯುತ್ತಿದ್ದವರು ಕೋಲು ಹಿಡಿದರು, ಆಮೇಲೆ ಕೈಯೂರಿ ತೆವಳುವ ಸ್ಥಿತಿಗೆ ಬಂದರು. ಕೆಲವು ಮಕ್ಕಳ ಬೆಳವಣಿಗೆಯೇ ಕುಂಠಿತವಾಯಿತು. ಕಂಡಿದ್ದು ಹೆಚ್ಚಾಗಿ ದಲಿತ ಕೂಲಿ ಕುಟುಂಬಗಳಲ್ಲಿ. ಬಡವರು, ಗದ್ದೆಯ ಏಡಿ ತಿನ್ನುವವರು. ಆಗ ಗದ್ದೆಗೆ ಕೀಟನಾಶಕ ಹೊಡೆಯುವುದು ಶುರುವಾಗಿತ್ತು. ವಿಷ ಸೇರಿದ ಏಡಿ ತಿಂದು ಹೀಗಾಯಿತು ಅನ್ನುವ ಮಾತು ಹಬ್ಬಿತು, ಅದು ನಂಬುವ ಹಾಗೂ ಇತ್ತು. ಆಮೇಲೆ ಮನೆ ಮನೆಗೆ ಹೋಗಿ ಯಾರಿಗೆ ಇದೆ, ಅವರ ಅಪ್ಪ ಅಮ್ಮನಿಗೆ ಇತ್ತಾ, ಮಕ್ಕಳಿಗೆ ಇದೆಯಾ ಅಂತ ವಂಶಾವಳಿ ಬರೆದು, ಸೊಂಟದ ಎಕ್ಸ್‌ರೇ ತೆಗೆದು ನೋಡಿದಾಗ ಕಂಡ ಚಿತ್ರ ಬೇರೆ. ಅದು ತಲೆಮಾರಿನಿಂದ ತಲೆಮಾರಿಗೆ ಬರುವ ಮೂಳೆಯ ಕಾಯಿಲೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವೈದ್ಯಕೀಯ ಬರಹಗಳಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಅಂತ ಕರೆದರು, ಜನರ ಬಾಯಲ್ಲಿ ಮಾತ್ರ ಊರಿನ ಹೆಸರೇ ಉಳಿಯಿತು.

ಏಡಿಯ ಮೇಲೆ ಯಾಕೆ ಅನುಮಾನ ಬಂತು ಅಂದರೆ, ಕಾಯಿಲೆ ಇರುವವರೆಲ್ಲ ಏಡಿ ತಿನ್ನುತ್ತಿದ್ದರು. ಆದರೆ ಹಾಗೆ ನೋಡಿದರೆ ಕಾಯಿಲೆ ಇಲ್ಲದವರೂ ತಿನ್ನುತ್ತಿದ್ದರಲ್ಲ? ಸುತ್ತಲಿನ ಎಷ್ಟೋ ಊರುಗಳಲ್ಲಿ, ಎಷ್ಟೋ ಮನೆಗಳಲ್ಲಿ. ನಿಮ್ಮ ಕೇರಿಯ ವಿಷಯದಲ್ಲೂ ನನಗೆ ಮೊದಲು ಬರುವ ಪ್ರಶ್ನೆ ಇದೇ. ಏಳು ಜನರೂ ಬಳಚು ತೆಗೆಯುವವರು ಅಂತ ಬರೆದಿದ್ದೀರಿ. ನಿಮ್ಮ ಕೇರಿಯಲ್ಲಿ ಬಳಚು ತೆಗೆಯದ ಹೆಂಗಸರು ಎಷ್ಟು ಜನ? ಎಲ್ಲರೂ ಅದೇ ಕೆಲಸದವರಾಗಿದ್ದರೆ, ಕಾಯಿಲೆ ಬಂದವರೂ ಅದೇ ಕೆಲಸದವರಾಗಿರುವುದು ಸಹಜ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಈಗ ಹೊಸ ಸಿಂಡ್ರೋಮ್ ಅಂತ ತೀರ್ಮಾನ ಹೇಗೆ ಆಗುತ್ತದೆ ಅನ್ನುವುದಕ್ಕೆ ಬರೋಣ. ಇದಕ್ಕೆ ಒಂದು ಕಚೇರಿ ಇಲ್ಲ, ಠಸ್ಸೆ ಒತ್ತುವ ಅಧಿಕಾರಿಯೂ ಇಲ್ಲ. ಒಬ್ಬ ಡಾಕ್ಟರು ನೋಡುತ್ತಾರೆ, ಬರೆಯುತ್ತಾರೆ, ಬೇರೆ ಊರಿನ ಡಾಕ್ಟರು ಓದಿ "ಅರೆ, ಇಂಥವರನ್ನು ನಾನೂ ನೋಡಿದ್ದೇನೆ" ಅನ್ನುತ್ತಾರೆ. ಕೆಲವೊಮ್ಮೆ ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಜಪಾನಿನ ಮಕ್ಕಳ ಡಾಕ್ಟರು ತೊಮಿಸಾಕು ಕವಾಸಾಕಿ ಅವರದು. 1961ರ ಜನವರಿಯಲ್ಲಿ ಟೋಕಿಯೋದ ಆಸ್ಪತ್ರೆಗೆ ನಾಲ್ಕು ವರ್ಷದ ಹುಡುಗ ಬಂದ. ದಿನಗಟ್ಟಲೆ ಇಳಿಯದ ಜ್ವರ. ಎರಡೂ ಕಣ್ಣು ಕೆಂಪು, ಆದರೆ ಪಿಸುರು ಇಲ್ಲ. ತುಟಿ ಒಡೆದು ರಕ್ತ ಒಸರುತ್ತಿತ್ತು, ನಾಲಿಗೆ ಕೆಂಪಗೆ ತರಿತರಿ, ಕುತ್ತಿಗೆಯಲ್ಲಿ ಗಂಟು, ಮೈಮೇಲೆ ದದ್ದು, ಅಂಗೈ ಅಂಗಾಲು ಊದಿಕೊಂಡು ಆಮೇಲೆ ಬೆರಳ ತುದಿಯಿಂದ ಚರ್ಮ ಸುಲಿಯಿತು. ಗೊತ್ತಿದ್ದ ಯಾವ ಕಾಯಿಲೆಗೂ ಸರಿಹೊಂದಲಿಲ್ಲ. ಹುಡುಗ ಗುಣವಾದ, ಕಾಯಿಲೆ ಯಾವುದು ಅನ್ನುವ ಜಾಗದಲ್ಲಿ "ಗೊತ್ತಿಲ್ಲ" ಅಂತ ಬರೆದು ಮನೆಗೆ ಕಳಿಸಿದರು. ಬೇರೆಯವರಾಗಿದ್ದರೆ ಹತ್ತಿರದ ಯಾವುದೋ ಒಂದು ಹೆಸರು ಹಾಕಿ ಫೈಲು ಮುಚ್ಚುತ್ತಿದ್ದರು. ಇವರು ಹಾಗೆ ಮಾಡಲಿಲ್ಲ, ಅದಕ್ಕೇ ಮರುವರ್ಷ ಅಂಥದ್ದೇ ಇನ್ನೊಂದು ಮಗು ಬಂದಾಗ ಗುರುತು ಸಿಕ್ಕಿತು. ಆರು ವರ್ಷ ಒಂದೊಂದೇ ಮಗುವನ್ನು ಕೂಡಿಸಿಕೊಂಡು 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಬಂದು ಜಗತ್ತಿಗೆ ಗೊತ್ತಾಗಿದ್ದು 1974ರಲ್ಲಿ.

ಅದಾದ ಮೇಲೆ ಒಂದು ನಿಯಮ ಆಯಿತು: ಐದು ದಿನ ಅಥವಾ ಹೆಚ್ಚು ಜ್ವರ, ಜೊತೆಗೆ ನಾನು ಮೇಲೆ ಹೇಳಿದ ಐದು ಲಕ್ಷಣಗಳಲ್ಲಿ (ಕಣ್ಣು, ಬಾಯಿ, ಕೈಕಾಲು, ದದ್ದು, ಕುತ್ತಿಗೆಯ ಗಂಟು) ನಾಲ್ಕು ಇರಬೇಕು, ಬೇರೆ ಕಾಯಿಲೆಯಿಂದ ಬಂದಿರಬಾರದು. ಇಷ್ಟೇ. ಇದಕ್ಕೆ ಒಂದು ನಿರ್ದಿಷ್ಟ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ, ಕಾರಣವೂ ಖಚಿತವಾಗಿ ತಿಳಿದಿಲ್ಲ. ಆದರೆ ಆ ನಿಯಮ ಇದ್ದಿದ್ದರಿಂದ ಜಪಾನಿನಾದ್ಯಂತ ಒಂದೇ ಅಳತೆಯಲ್ಲಿ ಎಣಿಸಲಿಕ್ಕೆ ಸಾಧ್ಯವಾಯಿತು. ಎಣಿಸಿದಾಗಲೇ ಕೆಲವು ಮಕ್ಕಳು ಜ್ವರ ಬಿಟ್ಟ ಮೇಲೆ ದಿಢೀರನೆ ಸತ್ತಿದ್ದು, ಹೃದಯಕ್ಕೆ ರಕ್ತ ಒಯ್ಯುವ ನಾಳ ಉಬ್ಬಿಕೊಂಡಿದ್ದು ಕಂಡಿತು. ಚಿಕಿತ್ಸೆ ಕೊಡದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹಾಗಾಗುತ್ತದೆ. ಹತ್ತು ದಿನದ ಒಳಗೆ ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನು) ಕೊಟ್ಟರೆ ಆ ಅಪಾಯ ತುಂಬಾ ಇಳಿಯುತ್ತದೆ. ಕಾರಣ ಗೊತ್ತಿಲ್ಲದೆಯೂ ಮಕ್ಕಳು ಉಳಿದರು. ನಾನು ಯಾಕೆ ಇದನ್ನು ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, "ಕಾರಣ ಸಿಗದೆ ಏನೂ ಮಾಡಲಿಕ್ಕೆ ಆಗಲ್ಲ" ಅಂತ ಎಷ್ಟೋ ಕಡೆ ಕೈಚೆಲ್ಲುತ್ತಾರೆ. ಸರಿಯಾಗಿ ವಿವರಿಸಿದರೆ, ಸರಿಯಾಗಿ ಎಣಿಸಿದರೆ, ತುಂಬಾ ಮಾಡಬಹುದು.

ಆ ನಿಯಮಕ್ಕೆ ನಾವು ರೋಗಪ್ರಕರಣದ ವ್ಯಾಖ್ಯೆ ಅನ್ನುತ್ತೇವೆ, ಆಸ್ಪತ್ರೆಯ ಮಾತಿನಲ್ಲಿ ಕೇಸ್ ಡೆಫಿನಿಷನ್. ಯಾರು, ಯಾವ ಜಾಗ, ಯಾವ ಅವಧಿ, ಯಾವ ಲಕ್ಷಣ, ಯಾವುದನ್ನು ಮೊದಲು ತಳ್ಳಿಹಾಕಿರಬೇಕು. ಕಾರವಾರದ ಡಾಕ್ಟರಿಗೂ ಶಿರಸಿಯ ಡಾಕ್ಟರಿಗೂ ಅದೇ ಹತ್ತು ರೋಗಿಗಳನ್ನು ತೋರಿಸಿದರೆ ಇಬ್ಬರೂ ಅದೇ ಆರು ಜನರನ್ನು ಆರಿಸಬೇಕು. ಆ ಮಟ್ಟಿಗೆ ಅದು ಸ್ಪಷ್ಟ ಇರಬೇಕು. "ಸುಸ್ತು" ಅಂತ ಬರೆದರೆ ಆಗುವುದಿಲ್ಲ, ನಮ್ಮಲ್ಲಿ ಮೇ ತಿಂಗಳಲ್ಲಿ ಸುಸ್ತು ಇಲ್ಲದವರು ಯಾರು? "ಮೊದಲು ಮಾಡುತ್ತಿದ್ದ ಕೆಲಸದ ಅರ್ಧವನ್ನೂ ಮಾಡಲಿಕ್ಕೆ ಆಗದಷ್ಟು ಸುಸ್ತು, ಮೂರು ತಿಂಗಳಿಗಿಂತ ಹೆಚ್ಚು" ಅಂದರೆ ಎಣಿಸಬಹುದು.

ಒಳ್ಳೆಯ ವ್ಯಾಖ್ಯೆ ಎಷ್ಟು ಬೇಗ ಕೆಲಸ ಮಾಡುತ್ತದೆ ಅನ್ನುವುದಕ್ಕೆ 1989ರ ಒಂದು ಘಟನೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಕ್ಟೋಬರಿನಲ್ಲಿ ಮೂವರು ಹೆಂಗಸರಿಗೆ ತಡೆಯಲಾರದ ಸ್ನಾಯು ನೋವು, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ಕಣ ವಿಪರೀತ. ಮೂವರೂ ನಿದ್ದೆಗೆಂದು ಎಲ್-ಟ್ರಿಪ್ಟೊಫಾನ್ ಎಂಬ ಪೂರಕ ಗುಳಿಗೆ ತಿನ್ನುತ್ತಿದ್ದರು. ವ್ಯಾಖ್ಯೆ ಮೂರೇ ಸಾಲು: ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಯೋಸಿನೋಫಿಲ್ 1,000 ಅಥವಾ ಹೆಚ್ಚು, ಕೆಲಸ ಮಾಡಲಾಗದಷ್ಟು ಸ್ನಾಯು ನೋವು, ಇದನ್ನು ವಿವರಿಸುವ ಸೋಂಕಾಗಲಿ ಕ್ಯಾನ್ಸರಾಗಲಿ ಇಲ್ಲ. ಗುಳಿಗೆಯ ಹೆಸರು ವ್ಯಾಖ್ಯೆಯಲ್ಲಿ ಇರಲಿಲ್ಲ ಅನ್ನುವುದನ್ನು ನೋಡಿ. ಅದನ್ನು ಬೇಕೆಂದೇ ಹೊರಗಿಟ್ಟರು. ಅನುಮಾನ ಪಟ್ಟ ಕಾರಣವನ್ನೇ ವ್ಯಾಖ್ಯೆಯೊಳಗೆ ಸೇರಿಸಿಬಿಟ್ಟರೆ ಗುಳಿಗೆ ತಿಂದವರು ಮಾತ್ರ ಪಟ್ಟಿಗೆ ಬರುತ್ತಾರೆ, ಆಮೇಲೆ "ಎಲ್ಲರೂ ಗುಳಿಗೆ ತಿಂದವರೇ" ಅಂತ ಹೇಳುವುದಕ್ಕೆ ಅರ್ಥ ಇಲ್ಲ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದರು, ವ್ಯತ್ಯಾಸ ಎದ್ದು ಕಂಡಿತು, ನವೆಂಬರಿನಲ್ಲೇ ಗುಳಿಗೆಯನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯುವ ಕೆಲಸ ಶುರುವಾಯಿತು.

ಹಾಗಾಗಿ ನಿಮ್ಮ ಪಟ್ಟಿ ಮಾಡುವಾಗ "ಬಳಚು ತೆಗೆಯುವವರು" ಅನ್ನುವುದನ್ನು ಶರತ್ತಾಗಿ ಇಟ್ಟುಕೊಳ್ಳಬೇಡಿ. ಲಕ್ಷಣ ಇರುವ ಎಲ್ಲರನ್ನೂ ಬರೆಯಿರಿ, ಗಂಡಸರನ್ನೂ, ಮೀನು ಮಾರುವವರನ್ನೂ, ಮನೆಯಲ್ಲೇ ಇರುವವರನ್ನೂ. ಕೆಲಸ ಯಾವುದು ಅಂತ ಬೇರೆ ಕಾಲಮಿನಲ್ಲಿ ಬರಲಿ.

ವ್ಯಾಖ್ಯೆಗೆ ಇನ್ನೊಂದು ಮುಖ ಇದೆ, ಅದು ನೋವಿನ ವಿಷಯ. ಗೆರೆ ಎಳೆದ ತಕ್ಷಣ ಯಾರೋ ಹೊರಗೆ ಉಳಿಯುತ್ತಾರೆ. ಏಡ್ಸ್ ವಿಷಯದಲ್ಲಿ ಇದು ತೀರಾ ಕಟುವಾಗಿ ನಡೆಯಿತು. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದ ಸುದ್ದಿ ಪ್ರಕಟವಾಯಿತು. ಐವರೂ ಸಲಿಂಗಿಗಳು. ಅದಕ್ಕೇ ಮೊದಮೊದಲು ಕೆಲವರು ಕಾಯಿಲೆಯ ಹೆಸರಲ್ಲೇ ಅವರನ್ನು ಸೇರಿಸಿಬಿಟ್ಟರು. 1982ರಲ್ಲಿ ಏಡ್ಸ್ ಎಂಬ ಹೆಸರೂ ವ್ಯಾಖ್ಯೆಯೂ ಬಂದವು, 1983ರಲ್ಲಿ ಪ್ಯಾರಿಸ್ಸಿನಲ್ಲಿ ವೈರಸ್ ಸಿಕ್ಕಿತು. ಆದರೆ ಲಕ್ಷಣಗಳ ಪಟ್ಟಿ ತಯಾರಾಗಿದ್ದು ಹೆಚ್ಚಾಗಿ ಗಂಡಸರನ್ನು ನೋಡಿ. ಸೋಂಕಿತ ಹೆಂಗಸರಿಗೆ ಬರುತ್ತಿದ್ದ ಗರ್ಭಕೊರಳಿನ ಕ್ಯಾನ್ಸರ್ ಆ ಪಟ್ಟಿಗೆ ಸೇರಿದ್ದು 1993ರಲ್ಲಿ. ಅಲ್ಲಿಯವರೆಗೆ ಎಷ್ಟೋ ಹೆಂಗಸರು ಕಾಯಿಲೆಯಿಂದ ಸಾಯುತ್ತಿದ್ದರೂ ಲೆಕ್ಕದಲ್ಲಿ ಏಡ್ಸ್ ರೋಗಿಗಳಲ್ಲ, ಹಾಗಾಗಿ ಸರ್ಕಾರದ ಸವಲತ್ತಿಗೂ ಪರದಾಡಬೇಕಾಯಿತು. ಬೀದಿಗಿಳಿದು ಹೋರಾಡಿದ ಮೇಲೆ ಬದಲಾಯಿತು. ಕವಾಸಾಕಿಯಲ್ಲೂ ಅಷ್ಟೇ, ತೀರಾ ಎಳೆಯ ಕೂಸುಗಳಲ್ಲಿ ಎರಡೋ ಮೂರೋ ಲಕ್ಷಣ ಮಾತ್ರ ಇದ್ದು ಹೃದಯದ ನಾಳ ಮಾತ್ರ ಹಾಳಾಗುತ್ತದೆ. ಅದನ್ನು ಅಪೂರ್ಣ ಕವಾಸಾಕಿ ಅಂತ ಗುರುತಿಸಿ ಚಿಕಿತ್ಸೆ ಕೊಡುತ್ತಾರೆ.

ನನ್ನ ಅಭಿಪ್ರಾಯ ಇಲ್ಲಿ ತುಂಬಾ ಖಚಿತ: ವ್ಯಾಖ್ಯೆ ಇರುವುದು ಎಣಿಸಲಿಕ್ಕೆ, ಹೋಲಿಸಲಿಕ್ಕೆ. ನಿಮ್ಮ ಅಮ್ಮನ ನೋವು ನಿಜವಾ ಸುಳ್ಳಾ ಅಂತ ಹೇಳಲಿಕ್ಕೆ ಅದನ್ನು ಬಳಸಬಾರದು. ಯಾವ ಪಟ್ಟಿಗೂ ಸೇರದ ರೋಗಿಗೂ ಚಿಕಿತ್ಸೆ ಬೇಕು. "ಟೆನ್ಶನ್" ಅನ್ನುವುದೂ ಒಂದು ರೋಗನಿರ್ಣಯವೇ, ಅದನ್ನು ಹೇಳುವ ಮೊದಲು ಉಳಿದದ್ದೆಲ್ಲ ನೋಡಿರಬೇಕು.

ಕೋವಿಡ್ ನಂತರದ ತೊಂದರೆಯ ಕತೆಯೂ ಇದೇ. ಜ್ವರ ಬಿಟ್ಟು ತಿಂಗಳುಗಟ್ಟಲೆ ಸುಸ್ತು, ಏದುಸಿರು, ಮಂಕು. 2020ರಲ್ಲಿ ಅದಕ್ಕೆ ಲಾಂಗ್ ಕೋವಿಡ್ ಅಂತ ಹೆಸರಿಟ್ಟಿದ್ದು ರೋಗಿಗಳೇ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಬಂದಿದ್ದು 2021ರ ಅಕ್ಟೋಬರಿನಲ್ಲಿ: ಸೋಂಕು ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಇರುವ, ಕಡೇ ಪಕ್ಷ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣ. ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ಜನ ಮನೆಯವರ ಕೈಲೂ ಡಾಕ್ಟರ ಕೈಲೂ "ಏನಿಲ್ಲ ಬಿಡಿ" ಅನ್ನಿಸಿಕೊಂಡರು.

ಇನ್ನು ನಿಮ್ಮ ಹಾಗೆಯೇ ಮನೆಯವರು ಪಟ್ಟಿ ಹಿಡಿದುಕೊಂಡು ಹೋದ ಉದಾಹರಣೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಲೈಮ್ ಅಂತ ಒಂದು ಸಣ್ಣ ಊರು. ಅಲ್ಲಿ ಪಾಲಿ ಮರ್ರೆ ಎಂಬ ತಾಯಿ, ತನಗೂ ಮಕ್ಕಳಿಗೂ ಕೀಲು ಊದಿಕೊಳ್ಳುವುದು, ದದ್ದು ಏಳುವುದು ನೋಡಿ ಅಕ್ಕಪಕ್ಕದ ಮನೆಗಳಲ್ಲೂ ವಿಚಾರಿಸಿದರು. ತುಂಬಾ ಮಕ್ಕಳಿಗೆ ಹಾಗೇ ಇತ್ತು. ಡಾಕ್ಟರುಗಳು ಮಕ್ಕಳ ಸಂಧಿವಾತ ಅಂದಿದ್ದರು, ಅದು ಅಪರೂಪದ ಕಾಯಿಲೆ, ಒಂದೇ ಊರಿನಲ್ಲಿ ಅಷ್ಟು ಜನಕ್ಕೆ ಬರುವಂಥದ್ದಲ್ಲ. 1975ರಲ್ಲಿ ಆ ತಾಯಿ ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದರು. ಅಲೆನ್ ಸ್ಟೀರ್ ಎಂಬ ಯುವ ಡಾಕ್ಟರು ಮನೆ ಮನೆ ತಿರುಗಿದರು. ಕಾಯಿಲೆ ಶುರುವಾಗಿದ್ದು ಹೆಚ್ಚಾಗಿ ಬೇಸಿಗೆಯಲ್ಲಿ, ಕಾಡಿನ ಪಕ್ಕದ ಮನೆಗಳಲ್ಲಿ. ಕೆಲವರಿಗೆ ಕೀಲು ಊದುವ ಮೊದಲು ಮೈಮೇಲೆ ಉಂಗುರದಂಥ ದದ್ದು ಎದ್ದಿತ್ತು. ಅದು ಉಣುಗು ಕಡಿತದಿಂದ ಬರುವ ಬ್ಯಾಕ್ಟೀರಿಯಾ ಸೋಂಕು ಅಂತ 1982ರಲ್ಲಿ ಖಚಿತವಾಯಿತು. ಸಾಮಾನ್ಯ ಆಂಟಿಬಯಾಟಿಕ್ ಸಾಕು. ಇನ್ನೊಂದು ಮಾತು: ಆ ಉಂಗುರದ ದದ್ದನ್ನು 1909ರಲ್ಲೇ ಸ್ವೀಡನ್ನಿನ ಡಾಕ್ಟರೊಬ್ಬರು ವಿವರಿಸಿದ್ದರು. ಹೊಸದು ಅಂದುಕೊಂಡದ್ದರಲ್ಲಿ ಅರ್ಧ ಹಳೆಯದೇ ಆಗಿತ್ತು. ಇದು ತುಂಬಾ ಸಲ ಹೀಗೇ ಆಗುತ್ತದೆ, ಅದಕ್ಕೇ ಹಳೆಯ ಕಾಯಿಲೆಗಳನ್ನು ಮೊದಲು ಹುಡುಕಬೇಕು ಅನ್ನುವುದು.

ಪಟ್ಟಿಯನ್ನು ಪೂರ್ತಿ ನಂಬಬೇಡಿ ಅಂತಲೂ ಹೇಳಬೇಕು. ಒಂದು ಮುಷ್ಟಿ ಅಕ್ಕಿಯನ್ನು ನೆಲಕ್ಕೆ ಚೆಲ್ಲಿದರೆ ಕಾಳು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಅಲ್ಲಲ್ಲಿ ಗುಂಪಾಗುತ್ತದೆ, ಅದಕ್ಕೆ ಯಾರೂ ಕಾರಣರಲ್ಲ. ಕಾಯಿಲೆಯೂ ಹಾಗೆ ಸುಮ್ನೆ ಒಂದು ಕೇರಿಯಲ್ಲಿ ಜಾಸ್ತಿ ಕಾಣಬಹುದು. ಮಧ್ಯವಯಸ್ಸಿನ ಹೆಂಗಸರಲ್ಲಿ ಕೈಬೆರಳ ಜೋಮು ಎಲ್ಲ ಊರಲ್ಲೂ ಸಾಮಾನ್ಯ. ಒಬ್ಬರು ಹೇಳಿಕೊಂಡ ಮೇಲೆ ಇನ್ನೊಬ್ಬರಿಗೂ ತಮ್ಮ ಜೋಮು ನೆನಪಾಗುತ್ತದೆ. ಅದು ಸುಳ್ಳಲ್ಲ, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅಷ್ಟೇ. ಆದ್ದರಿಂದ ಏಳು ಅನ್ನುವ ಸಂಖ್ಯೆಗೆ ಅರ್ಥ ಬರುವುದು ಕೇರಿಯಲ್ಲಿ ಒಟ್ಟು ಎಷ್ಟು ಹೆಂಗಸರಿದ್ದಾರೆ, ಅದೇ ವಯಸ್ಸಿನ ಎಷ್ಟು ಜನ, ಪಕ್ಕದ ಕೇರಿಯಲ್ಲಿ ಎಷ್ಟು ಅಂತ ಗೊತ್ತಾದಾಗ ಮಾತ್ರ. ಏಳರ ಕೆಳಗೆ ಇನ್ನೊಂದು ಸಂಖ್ಯೆ ಬೇಕು.

ಈಗ ನಿಮ್ಮ ಅಮ್ಮನ ವಿಷಯ. ನಾನು ಅವರನ್ನು ನೋಡಿಲ್ಲ, ಹಾಗಾಗಿ ಇದು ಚಿಕಿತ್ಸೆಯಲ್ಲ, ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದಷ್ಟೇ. ಜೋಮು ಯಾವ ಬೆರಳಿಗೆ ಅಂತ ಸರಿಯಾಗಿ ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾಗಿ ಕಿರುಬೆರಳು ಮಾತ್ರ ಸರಿಯಿದ್ದರೆ, ರಾತ್ರಿ ಎದ್ದು ಕೈ ಕೊಡವಿದರೆ ಆರಾಮ ಅನ್ನಿಸಿದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಇಳಿತದ ಹೊತ್ತಿಗೆ ಗಂಟೆಗಟ್ಟಲೆ ನೀರಲ್ಲಿ ಬಗ್ಗಿ ಕೆಸರಿನೊಳಗೆ ಕೈ ಹಾಕಿ ಚಿಪ್ಪು ಹೆಕ್ಕುವವರಿಗೆ, ಆಮೇಲೆ ಕೂತು ಬಿಡಿಸುವವರಿಗೆ ಅದು ಬರಬಾರದು ಅಂತ ಏನಿಲ್ಲ. ಅದು ರಕ್ತ ಪರೀಕ್ಷೆಯಲ್ಲೂ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ, ನರದ ಪರೀಕ್ಷೆ ಮಾಡಬೇಕು. ಎರಡೂ ಅಂಗಾಲು ಉರಿ ಅಂದರೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಮೂರೂ ನೋಡಿರಬೇಕು. ಸಕ್ಕರೆಗೆ ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಇಳಿಯುತ್ತದೆ. "ಎಲ್ಲ ಟೆಸ್ಟ್ ನಾರ್ಮಲ್" ಅಂದಾಗ ಈ ಟೆಸ್ಟುಗಳು ಅದರಲ್ಲಿ ಇದ್ದವಾ ಅಂತ ಚೀಟಿ ತೆಗೆದು ಓದಿ. ಎಷ್ಟೋ ಸಲ ಹಿಮೋಗ್ಲೋಬಿನ್ ಮತ್ತು ಒಂದು ಸಕ್ಕರೆ ಪರೀಕ್ಷೆಗೆ ಎಲ್ಲ ಅಂತ ಹೇಳಿರುತ್ತಾರೆ.

ಇನ್ನೊಂದನ್ನು ಮುಜುಗರ ಬಿಟ್ಟು ಹೇಳುತ್ತೇನೆ: ಕುಷ್ಠ. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಕಲೆ ಇದೆಯಾ, ಮೊಣಕೈ ಹಿಂದೆ ನರ ದಪ್ಪಗೆ ಸಿಗುತ್ತದಾ ಅಂತ ಡಾಕ್ಟರು ಕೈಯಿಂದ ಮುಟ್ಟಿ ನೋಡಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ, ತಡ ಮಾಡಿದರೆ ಮಾತ್ರ ಬೆರಳು ಮಡಚಿಕೊಂಡು ಉಳಿಯುತ್ತದೆ.

ಏಳು ಜನರನ್ನೂ ಹೀಗೆ ನೋಡಿದ ಮೇಲೆ ಬಹುಶಃ ಮೂವರದು ಮಣಿಕಟ್ಟಿನ ನರ, ಇಬ್ಬರದು ಬಿ12, ಹೀಗೆ ಹಂಚಿಹೋಗಬಹುದು. ಹಾಗಾದರೆ ಒಳ್ಳೆಯದೇ, ಎಲ್ಲದಕ್ಕೂ ಮದ್ದಿದೆ. ಎಲ್ಲ ನೋಡಿಯೂ ನಾಲ್ಕೈದು ಜನ ಉಳಿದು, ಅವರ ಲಕ್ಷಣ ಒಂದೇ ಥರ ಇದ್ದರೆ, ಅಲ್ಲಿಂದ ನಿಮ್ಮ ಪ್ರಶ್ನೆ ಶುರುವಾಗುತ್ತದೆ.

ಪಟ್ಟಿಗೆ ಶಾಲೆಯ ನೋಟ್‌ಬುಕ್ ಸಾಕು. ಒಬ್ಬರಿಗೆ ಒಂದು ಸಾಲು. ಹೆಸರಿನ ಬದಲು ನಂಬರ್ ಹಾಕಿ, ಯಾವ ನಂಬರ್ ಯಾರು ಅನ್ನುವುದು ಬೇರೆ ಹಾಳೆಯಲ್ಲಿ ನಿಮ್ಮ ಹತ್ತಿರ ಇರಲಿ. ವಯಸ್ಸು, ಕೆಲಸ, ಮೊದಲು ಯಾವ ತಿಂಗಳಲ್ಲಿ ಶುರುವಾಯಿತು (ದಿನ ನೆನಪಿಲ್ಲದಿದ್ದರೆ "ಗಣೇಶ ಚೌತಿಗೆ ಮೊದಲು", "ಬಂಡಿಹಬ್ಬದ ಹೊತ್ತಿಗೆ" ಅಂತಾದರೂ), ಮೊದಲು ಕೈಗಾ ಕಾಲಿಗಾ, ಯಾವ ಬೆರಳು, ಕೆಲಸ ಬಿಟ್ಟ ದಿನಗಳಲ್ಲಿ ಕಡಿಮೆ ಆಗುತ್ತದಾ, ಮಳೆಗಾಲದಲ್ಲಿ ಹೇಗೆ, ಕುಡಿಯುವ ನೀರು ಯಾವ ಬಾವಿಯದು, ಬೇರೆ ಕಾಯಿಲೆ, ತಿನ್ನುತ್ತಿರುವ ಗುಳಿಗೆ (ನಾಟಿ ಔಷಧಿ, ಭಸ್ಮ ಕೂಡ, ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ, ಅವು ನರಕ್ಕೆ ವಿಷ), ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ. ಲಕ್ಷಣ ಇಲ್ಲದ, ಅದೇ ವಯಸ್ಸಿನ ಏಳೆಂಟು ಹೆಂಗಸರನ್ನೂ ಇವೇ ಪ್ರಶ್ನೆ ಕೇಳಿ ಬರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಪಟ್ಟಿಯ ಬೆಲೆ ಇರುವುದೇ ಇದರಲ್ಲಿ.

ಆ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿ, ಒಂದು ಪ್ರತಿ ತಾಲೂಕು ಆರೋಗ್ಯಾಧಿಕಾರಿಗೆ. ಜಿಲ್ಲೆಯಲ್ಲಿ ರೋಗ ಸರ್ವೇಕ್ಷಣಾ ಘಟಕ ಇದೆ. ದೇಶದಲ್ಲಿ ಈ ವ್ಯವಸ್ಥೆ ಶುರುವಾಗಿದ್ದು 2004ರಲ್ಲಿ. ಹಳ್ಳಿಯ ಆರೋಗ್ಯ ಸಹಾಯಕಿ ತುಂಬುವ ನಮೂನೆಯಲ್ಲಿ ರೋಗದ ಹೆಸರಿಗಿಂತ ಲಕ್ಷಣಕ್ಕೇ ಜಾಗ: ಜ್ವರ, ಕೆಮ್ಮು, ಭೇದಿ, ಕಾಮಾಲೆ. ಈ ಯಾವುದಕ್ಕೂ ಸೇರದ, ಸಾವಿಗೋ ಆಸ್ಪತ್ರೆ ಸೇರುವುದಕ್ಕೋ ಕಾರಣವಾದ ವಿಚಿತ್ರ ಲಕ್ಷಣಕ್ಕೂ ಒಂದು ಸಾಲು ಬಿಟ್ಟಿದ್ದಾರೆ. ಪೋಲಿಯೋ ಹೋಗಿದೆ ಅಂತ ಖಚಿತವಾಗಿದ್ದೂ ಹೀಗೆ ಲಕ್ಷಣ ಎಣಿಸಿಯೇ. 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ದಿಢೀರನೆ ಸೋತರೂ, ಕಾರಣ ಏನೇ ಇರಲಿ, ವರದಿ ಮಾಡಿ ಮಲದ ಮಾದರಿ ಕಳಿಸಬೇಕು. ಬಲೆಯನ್ನು ಬೇಕೆಂದೇ ಅಗಲವಾಗಿ ಬೀಸಿದ್ದರಿಂದ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದೇ ದೇಶದಲ್ಲಿ ಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಅಂತ ಧೈರ್ಯವಾಗಿ ಹೇಳಲಿಕ್ಕೆ ಆಯಿತು. ನಿಮ್ಮ ಅಮ್ಮನ ತೊಂದರೆ ಆ ನಮೂನೆಗೆ ಸರಿಯಾಗಿ ಕೂರುವುದಿಲ್ಲ, ನಿಧಾನವಾಗಿ ಬರುವ ಕಾಯಿಲೆಗಳನ್ನು ಈ ವ್ಯವಸ್ಥೆ ಅಷ್ಟಾಗಿ ಹಿಡಿಯುವುದಿಲ್ಲ. ಅದಕ್ಕೇ ಲಿಖಿತವಾಗಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗ ಇದೆ, ಇಂಥ ಸಮೀಕ್ಷೆಯೇ ಅವರ ಕೆಲಸ.

ಒಂದು ಕೋರಿಕೆ. ಈಗಲೇ ಇದಕ್ಕೆ ನಿಮ್ಮ ಊರಿನ ಹೆಸರನ್ನೋ ಬಳಚಿನ ಹೆಸರನ್ನೋ ಇಟ್ಟು ವಾಟ್ಸಾಪ್‌ನಲ್ಲಿ ಹಾಕಬೇಡಿ. ಊರು, ಪ್ರಾಣಿ, ಆಹಾರ, ಜನರ ಕೆಲಸ, ಇವುಗಳ ಹೆಸರನ್ನು ಹೊಸ ಕಾಯಿಲೆಗೆ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಹೆಸರು ಅಂಟಿದರೆ ನಿಮ್ಮ ಕೇರಿಯ ಚಿಪ್ಪನ್ನು ಯಾರೂ ಕೊಳ್ಳುವುದಿಲ್ಲ, ಹೆಣ್ಣುಮಕ್ಕಳ ಸಂಬಂಧ ಹುಡುಕುವಾಗಲೂ ಅದೇ ಮಾತು ಬರುತ್ತದೆ, ಆಮೇಲೆ ಕಾರಣ ಬೇರೆ ಅಂತ ಗೊತ್ತಾದರೂ ಹೆಸರು ಹೋಗುವುದಿಲ್ಲ.

ಕಡೆಗೆ, ಪಟ್ಟಿ ಗಿಟ್ಟಿ ಅಂತ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಹೇಳುತ್ತೇನೆ. ಜೋಮಿನ ಜೊತೆ ಕೈಯಲ್ಲಿ ಹಿಡಿದ ವಸ್ತು ಜಾರಿ ಬೀಳತೊಡಗಿದರೆ, ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ, ನಡೆಯುವಾಗ ಪಾದ ಎತ್ತಲಿಕ್ಕೆ ಆಗದಿದ್ದರೆ, ಮೂತ್ರ ಕಟ್ಟಿದರೆ ತಡಮಾಡಬೇಡಿ. ಚಿಪ್ಪು ತಿಂದ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ತುಟಿ, ನಾಲಿಗೆ ಜುಮುಗುಟ್ಟಿ ಕೈಕಾಲಿಗೆ ಹರಡಿದರೆ ಅದು ಪೂರ್ತಿ ಬೇರೆ ವಿಷಯ, ಚಿಪ್ಪಿನಲ್ಲಿ ಸೇರಿದ ಪಾಚಿಯ ವಿಷ. 1983ರಲ್ಲಿ ಮಂಗಳೂರಿನ ಕಡೆ ಹಾಗಾಗಿತ್ತು. ಅದು ಉಸಿರಾಟವನ್ನೇ ನಿಲ್ಲಿಸಬಹುದು, ಬೇಯಿಸಿದರೂ ವಿಷ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ, ಉಳಿದ ಚಿಪ್ಪನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ ಜೊತೆಗೇ ತೆಗೆದುಕೊಂಡು ಹೋಗಿ.